ಏಳನೇ ಗಾಜು

ಬೀಕರಿನಿಂದೆತ್ತಿದಾಗ ಅದು ಬರೀ ಹಳದಿ,
ಗಾಜಿನ ಮೇಲೆ ಯಾರೋ ಅರಿಶಿಣದ ಬೆರಳೊರೆಸಿದಷ್ಟು.
ಅಂಥ ನಾನೂರು ಪದರ ಪೇರಿಸಿದರೆ
ಶಾಣು ತಾಂಡೇಲನ ಮೀಸೆಯ ಒಂದೆಳೆ ದಪ್ಪ.
ಮೀಟರಿಗಿಟ್ಟರೆ ಒಂದೇ ಅಂಕಿ,
ಅದರ ಬೆನ್ನಿಗೆ ಬಲೆಯ ಬೆಂಡಿನ ಹಾಗೆ ಸೊನ್ನೆಗಳು.

ಕಿಟಕಿಯಾಚೆ ಕಾಳಿ ಸೇತುವೆ.
ಉಪ್ಪುಗಾಳಿ ತಿಂದ ಕುಲುಮೆಯ ಬಾಗಿಲನ್ನು
ತಂತಿಯಿಂದ ಬಿಗಿಯುತ್ತ ಶಾಣು ಕೇಳಿದ:
“ಬೆಂಕಿ ಅಂದ್ರೆ ಚದುರಿಸೂದು ಅಕ್ಕೋರೆ,
ಇಲ್ಲಿ ಕೂಡಿಸ್ತದೆ ಅಂತೀರಲ್ಲ?”

ಅಂಕೋಲೆಯ ಬಸ್ಸು ನೆನೆಸಿಕೊ, ಅಂದೆ.
ಸ್ಟ್ಯಾಂಡಿನಲ್ಲಿ ನುಗ್ಗಿದವರು ನುಗ್ಗಿದಲ್ಲೇ ಅಡ್ಡಾದಿಡ್ಡಿ,
ಒಬ್ಬನ ಮೊಣಕೈ ಇನ್ನೊಬ್ಬಳ ಮೀನುಬುಟ್ಟಿಯಲ್ಲಿ,
ಕಂಡಕ್ಟರಿಗೆ ದಾರಿಯೇ ಇಲ್ಲ.
ಬಿಣಗಾ ಘಟ್ಟದ ತಿರುವಿನಲ್ಲಿ ಕುಲುಕಿದ ಮೇಲೆ
ಒಬ್ಬೊಬ್ಬರೇ ಸರಿದು, ಚೂರು ತಿರುಗಿ,
ಕಾಲಿಗೆ ಜಾಗ ಕಂಡುಕೊಂಡು
ಅರ್ಗಾ ಬರುವಷ್ಟರಲ್ಲಿ
ಟಿಕೇಟು ಹಿಂದಿನ ಸೀಟಿಗೂ ತಲುಪುತ್ತದೆ.

“ಜೋರು ಕುಲುಕಿದ್ರೆ?”

ಬಸ್ಸು ಕಂದಕಕ್ಕೆ.
ಐನೂರು ದಾಟಿಸಿದ ಎರಡನೇ ಗಾಜು ನೀನೂ ನೋಡಿದೆಯಲ್ಲ,
ಗಂಧಕ ಹಾರಿ, ಬಿರಿದು, ಕಂದಿ ಕೂತದ್ದು.

ಮುನ್ನೂರೈವತ್ತು ಡಿಗ್ರಿ, ಒಂದು ತಾಸು.
ಹಾಳೆಯಲ್ಲಿ ಹಾಗೇ ಬರೆದಿತ್ತು.
ಏಳೂ ಹತ್ತಕ್ಕೆ, ಇನ್ನೂ ಇಪ್ಪತ್ತು ನಿಮಿಷ ಬಾಕಿಯಿರುವಾಗ,
ಕೋಡಿಬಾಗದಿಂದ ಬೈತಖೋಲದವರೆಗೆ ಕರೆಂಟು ಹೋಯಿತು.
ಬಾಗಿಲಿಗೆ ಕೈ ಹಾಕಿದೆ. ಶಾಣು ತಡೆದ.
ಅವನಪ್ಪ ದೋಣಿಗೆ ಮೀನೆಣ್ಣೆ ಬಳಿಯುತ್ತಿದ್ದವನು;
ತೆಳ್ಳಗೆ ಬಳಿದದ್ದು ತನ್ನ ಪಾಡಿಗೆ ಆರಬೇಕಂತೆ,
ಗಾಳಿಗೆ ಹಿಡಿದರೆ ಚಕ್ಕೆಯೇಳುತ್ತದಂತೆ.
ಕತ್ತಲೆಯಲ್ಲಿ ಕುಲುಮೆ ಟಿಕ್, ಟಿಕ್ ಎಂದು
ತನ್ನಷ್ಟಕ್ಕೆ ಕುಗ್ಗುತ್ತಿತ್ತು.
ಬೀಗ ಹಾಕಿ ಹೋದೆವು.

ಬೆಳಿಗ್ಗೆ ಅದಕ್ಕೆ ಮಾಗಿದ ಗೇರುಹಣ್ಣಿನ ಬಣ್ಣ.
ಮೀಟರಿನಲ್ಲಿ ಮೂರು ಬೆಂಡು ಕಳಚಿದ್ದವು.
ಅಂಟುಪಟ್ಟಿ ಹಚ್ಚಿ ಕಿತ್ತೆ, ಗಾಜು ಬಿಡಲಿಲ್ಲ.
ಧಾರವಾಡಕ್ಕೆ ಕಳಿಸಿದ್ದ ಎಕ್ಸ್-ರೇ ಬಂತು:
ಬೋಳು ದಿಬ್ಬವಿದ್ದಲ್ಲಿ ಸೂಜಿಯಂಥ ಶಿಖರ,
ಕಣಗಳು ಮೂರು ಪಟ್ಟು.
ದಾಖಲೆ ಪುಸ್ತಕದ ‘ಕಾರಣ’ದ ಮುಂದೆ
‘ಹೆಸ್ಕಾಂ’ ಎಂದು ಬರೆದು, ಹೊಡೆದುಹಾಕಿದೆ.

ಎಂಟು, ಒಂಬತ್ತು, ಹತ್ತು.
ಅದೇ ಬಿಸಿ, ಅದೇ ಹೊತ್ತು, ಬಾರದ ಬಣ್ಣ.
ಇವತ್ತು ಹನ್ನೊಂದನೆಯದು ಒಳಗಿದೆ.
ಗಂಟೆ ಏಳೂ ಒಂಬತ್ತು.
ಶಾಣುವಿನ ಬೆರಳು ಸ್ವಿಚ್ಚಿನ ಮೇಲೆ.

ಆರಿಸು, ಅಂದೆ.

“ಹಾಂಗಲ್ಲ ಅಕ್ಕೋರೆ,”
ಅವನು ಕಿಟಕಿಯತ್ತ ಮುಖ ತಿರುಗಿಸಿದ,
“ನಮಗೇ ಗೊತ್ತಾಗದ ಹಾಂಗೆ ಹೋಗಬೇಕು.”