ಮೋರಿ

ನಮ್ಮ ಭಾಷೆಯಲ್ಲಿ ಮೋರಿ ಅಂದರೆ ಬೀದಿಯದು,
ಹೊಸ್ತಿಲಾಚೆ, ಕಲ್ಲುಚಪ್ಪಡಿಯ ಕೆಳಗೆ ಹರಿಯುವುದು.
ಇಲ್ಲಿಯವರ ಭಾಷೆಯಲ್ಲಿ ಮೋರಿ ಅಂದರೆ ಒಳಗಿನದು,
ಅಡುಗೆಮನೆಯ ಮೂಲೆಯಲ್ಲಿ ಗೇಣೆತ್ತರದ ಕಟ್ಟೆ,
ಪಾತ್ರೆ ತೊಳೆಯುವುದು, ಮೀಯುವುದು, ಎರಡೂ ಅಲ್ಲೇ.
ಮದುವೆಯಾಗಿ ಪರೇಲಿಗೆ ಬಂದ ಮೊದಲ ವಾರ
"ಮೋರೀಲಿ ಕೂತು ಮಿಂದುಬಿಡು" ಅಂದರು ಅತ್ತೆ.
ನಾನು ಬಾಗಿಲಾಚೆಯ ಬೀದಿ ನೋಡಿ
ಅತ್ತುಬಿಟ್ಟೆ.

ಮೂವತ್ತೊಂದು ಮಳೆಗಾಲ ಕಳೆಯಿತು.
ಜುಲೈಯ ಕೆಲವು ದಿನ
ಎರಡು ಭಾಷೆಯೂ ಸರಿ.

ಮೊದಲು ಸದ್ದು.
ಜಾಲರಿಯ ಕೆಳಗೆ ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ
ಗುಳುಕ್. ಆಮೇಲೆ ಸುಮ್ಮನೆ.
ಒಂದೂ ನಲವತ್ತಕ್ಕೆ ಭರತಿ ಅಂದಿತ್ತು ರೇಡಿಯೊ.
ಸಮುದ್ರ ಬಾಗಿಲು ಹಾಕಿಕೊಳ್ಳುವ ಹೊತ್ತು,
ಊರ ನೀರೆಲ್ಲ ಚಿಲಕ ಬಡಿದೂ ಬಡಿದೂ
ಹೋದ ದಾರಿಯಲ್ಲೇ ತಿರುಗಿ ಬರುವ ಹೊತ್ತು.

ಜಾಲರಿಗೆ ಮರಳಿನ ಚೀಲ ಒತ್ತಿದೆ, ಅದರ ಮೇಲೆ ರುಬ್ಬುಗುಂಡು.
ಮಿಕ್ಸರ್ ಬಂದಮೇಲೆ ಅದಕ್ಕೆ ಉಳಿದದ್ದು ಇದೊಂದೇ ಕೆಲಸ.
ಗುಂಡು ಅಲ್ಲಾಡಿತು.
ಚೀಲದ ಮೇಲೆ ನಾನೂ ಕೂತೆ, ಅರವತ್ತೆರಡು ಕಿಲೋ.
ನೀರು ತೂಕ ನೋಡುವುದಿಲ್ಲ,
ಸಂದು ನೋಡುತ್ತದೆ.

ಬಂತು.
ಮಳೆಯದಾದರೆ ಆಕಾಶದ್ದು, ಬೈಯಬಹುದು, ಕೈಮುಗಿಯಬಹುದು.
ಇದು ಮನೆಮನೆಯದು.
ಸೋಪಿನ ನೊರೆ, ಯಾರದೋ ನರೆಗೂದಲು, ಮೆಂತ್ಯಸೊಪ್ಪಿನ ಬೇರು,
ಹಿಂದಿನಿಂದ ಹೇಳಬಾರದ್ದು.
ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟೆ, ಅಕ್ಕಿಡಬ್ಬಿ ಅಟ್ಟ ಸೇರಿತು.
ಖಾಲಿ ಸಿಲಿಂಡರ್ ತೇಲತೊಡಗಿದಾಗ
ಕಿಟಕಿಯ ಸರಳಿಗೆ ಹಗ್ಗ ಹಾಕಿ ಕಟ್ಟಿದೆ,
ತಪ್ಪಿಸಿಕೊಂಡ ಎಮ್ಮೆಯನ್ನು ಕಟ್ಟಿದ ಹಾಗೆ.

ಸೀರೆ ಎತ್ತಿ ಸಿಕ್ಕಿಸಿ ನಾಲ್ಕನೇ ಮಹಡಿಗೆ ಹತ್ತಿದೆ.
ಗುಪ್ಟೆ ಬಾಯಿಯ ನೆಲದಲ್ಲಿ ಟ್ಯೂಬ್‌ಲೈಟ್ ಹೊಳೆಯುತ್ತಿತ್ತು.
"ಸ್ವಲ್ಪ ಹೊತ್ತು ನೀರು ಬಿಡಬೇಡಿ."
"ಒಂದೇ ಬಕೆಟ್ ಅಲ್ವಾ," ಅಂದಳು, ಒಳ್ಳೆಯ ಮನಸ್ಸಿನಿಂದಲೇ.
ಮೆಟ್ಟಿಲಿಳಿಯುವಾಗ ಗೋಡೆಯ ಪೈಪಿನಲ್ಲಿ
ಆ ಬಕೆಟ್ ನನ್ನನ್ನು ಹಿಂದೆ ಹಾಕಿ ಧಡಧಡ ಇಳಿದುಹೋಯಿತು.
ನನಗಿಂತ ಮೊದಲೇ ನಮ್ಮನೆ ಸೇರಿತ್ತು.

ಕಿಟಕಿಯ ಕೆಳಗೆ, ಮುಚ್ಚಳ ತೆಗೆದ ಗುಂಡಿಯ ಪಕ್ಕ
ಸೊಂಟಮಟ್ಟ ನೀರಿನಲ್ಲಿ ಹುಲಗಪ್ಪ, ಯಾದಗಿರಿ ಕಡೆಯವನು,
ಬಿದಿರಿಗೆ ಕೆಂಪು ಚಿಂದಿ ಕಟ್ಟಿ
ಬೆಳಗಿನಿಂದ ನಿಂತಿದ್ದಾನೆ, ಯಾರೂ ಒಳಗೆ ಬೀಳದಿರಲಿ ಅಂತ.
"ಯಾವಾಗ ಇಳೀತದಪ್ಪ?" ಅಂದೆ.
"ನಂಗೇನ್ ಗೊತ್ರಿ ಅಕ್ಕಾರ, ದರ್ಯಾ ಬಾಯಿ ತಗೀಬೇಕು."
ಸರಳುಗಳ ನಡುವೆ ಚಹಾ ಚಾಚಿದೆ.
ಒಂದು ಕೈಯಲ್ಲಿ ಕುಡಿದ.
ಇನ್ನೊಂದು ಬಿದಿರು ಬಿಡಲಿಲ್ಲ.

ಐದರ ಹೊತ್ತಿಗೆ ಜಾಲರಿ ದೊಡ್ಡದೊಂದು ಗುಟುಕು ಎಳೆಯಿತು.
ನೀರು ಹೋಯಿತು, ಬಂದದ್ದೆಲ್ಲ ಹೋಗಲಿಲ್ಲ.
ಬಾಗಿಲ ಚೌಕಟ್ಟಿನಲ್ಲಿ ಮಗಳ ಎತ್ತರದ ಪೆನ್ಸಿಲ್ ಗೆರೆಗಳಿವೆ,
ಅವುಗಳ ನಡುನಡುವೆ ನೀರಿನ ಕಂದು ಗೆರೆಗಳು.
ಒಂದು ವರ್ಷ ಅವಳಿಗಿಂತ ನೀರೇ ಉದ್ದ ಬೆಳೆದಿತ್ತು.
ಈ ಸಲದ್ದು, ಅವಳು ಮೊದಲು ಎದ್ದು ನಿಂತ ಗೆರೆಗೆ
ನಾಲ್ಕು ಬೆರಳು ಕಡಿಮೆ.

ಸಂಜೆ ಗುಪ್ಟೆ ಬಾಯಿ ಖಿಚಡಿ ತಂದಳು.
ಮೂಗಿಗೆ ಸೆರಗು ಹಿಡಿಯಲಿಲ್ಲ, ಅದನ್ನು ಹೇಳಲೇಬೇಕು.
"ನಮ್ಮದೂ ಬಂತಾ?"
ಸುಳ್ಳು ಹೇಳಬಹುದಿತ್ತು.
ಪೊರಕೆಯ ತುದಿಯಿಂದ ತೋರಿಸಿದೆ:
ಚಹಾದ ಚರಟ, ಅದರೊಳಗೆ ನಿಂಬೆಹುಲ್ಲಿನ ಎಳೆ.
ಇಡೀ ಕಟ್ಟಡದಲ್ಲಿ ಚಹಾಕ್ಕೆ ನಿಂಬೆಹುಲ್ಲು ಹಾಕುವವಳು ಅವಳೊಬ್ಬಳೇ.
ನನಗೂ ಎಷ್ಟೋ ಸಲ ಕುಡಿಸಿದ್ದಾಳೆ.
ಬಗ್ಗಿ ಅದನ್ನೇ ನೋಡಿದಳು,
ಗುರುತು ಹಿಡಿಯುತ್ತಿದ್ದಾಳೆ ಅನ್ನುವ ಹಾಗೆ.

ರಾತ್ರಿ ಎರಡಕ್ಕೆ ಮತ್ತೆ ಭರತಿ.
ಗುಂಡಿನ ಪಕ್ಕ ಕೂತು ಪೈಪಿಗೆ ಕಿವಿಯಿಟ್ಟೆ.
ಎರಡನೇ ಮಹಡಿ ಸುರಿಯಿತು.
ಮೂರನೆಯದು ಸುರಿಯಿತು.
ಅದಕ್ಕೂ ಮೇಲೆ, ಬಹಳ ಸಣ್ಣಗೆ,
ತುಂಬಿದ ಬಕೆಟ್ಟೊಂದನ್ನು ಯಾರೋ ಎತ್ತಿ
ಮತ್ತೆ ನೆಲಕ್ಕಿಟ್ಟ ಸದ್ದು.