ಕರವಸ್ತ್ರದ ಮೇಲೊಂದು ಅರ್ಜಿ

ಕಾರವಾರದ ಕೋರ್ಟಿನ ಹೊರಗೆ, ಬಾದಾಮಿ ಮರದ ಬುಡದಲ್ಲಿ
ಇಪ್ಪತ್ತೊಂಬತ್ತು ವರ್ಷದಿಂದ ನನ್ನ ಮೇಜು, ನನ್ನ ರೆಮಿಂಗ್ಟನ್.
ಅದರ ‘ಇ’ ಸವೆದು ಕುರುಡಾಗಿದೆ,
ಸಾಹೇಬರು ಅಂದಾಜಿನ ಮೇಲೆ ಓದಿಕೊಳ್ಳುತ್ತಾರೆ.

ಬೈಗುಳ ಕೊಂಕಣಿಯಲ್ಲಿ ಬರುತ್ತದೆ ನನ್ನ ಹತ್ತಿರ,
ಬಿಸಿಬಿಸಿ, ಮುಳ್ಳಿನ ಸಮೇತ.
ಇಂಗ್ಲಿಷಿಗೆ ಹಾಕಿ, ಆರಿಸಿ ಕೊಡುವುದು ನನ್ನ ಕೆಲಸ.
ಅವ್ವ ಅಕ್ಕ ಸೇರಿಸಿ ಬೈದದ್ದು ಫಿಲ್ದಿ ಲ್ಯಾಂಗ್ವೇಜ್.
ಲುಂಗಿ ಎತ್ತಿ ತೋರಿಸಿದ್ದು ಇಂಡೀಸೆಂಟ್ ಬಿಹೇವಿಯರ್.
ಕುಡಿದು ಬಂದು ಪಕ್ಕದ ಮನೆಯ ತುಳಸಿಕಟ್ಟೆಗೆ ಹೊಯ್ದದ್ದು,
ಅದಕ್ಕೂ ಒಂದಿದೆ, ನ್ಯೂಸೆನ್ಸ್. ಎಷ್ಟು ಮೆತ್ತಗಿನ ಶಬ್ದ,
ಸೀನು ಬಂದ ಹಾಗೆ.
ಪುಟಕ್ಕೆ ಮೂವತ್ತು ರೂಪಾಯಿ. ಕಾರ್ಬನ್ ಪ್ರತಿಗೆ ಐದು.

ರುಕ್ಮಾ ಬಾನಾವಳಿಕರ ಬಂದದ್ದು ಶುಕ್ರವಾರ, ಊಟದ ಹೊತ್ತು ಕಳೆದ ಮೇಲೆ.
ಬೈತಖೋಲದಿಂದ ಹೊತ್ತ ಬುಟ್ಟಿ ಬಹುತೇಕ ಖಾಲಿ,
ತಳದಲ್ಲಿ ನಾಲ್ಕು ಬಂಗಡೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪಾಸ್‌ಬುಕ್ಕು.
“ಹೊಡೆ ಮಾಮ, ಬ್ಯಾಂಕಿನ ಮ್ಯಾನೇಜರನ ಮೇಲೆ.”
ಬೈದನೋ?
“ಇಲ್ಲ.”
ಕೈ ಹಿಡಿದನೋ?
“ಅವನ ಕೈಯೇ? ಥೂ.”
ಸಾಲ ಇಲ್ಲ ಎಂದನೋ?
“ಕೊಟ್ಟ. ಕುಳಿತುಕೊಳ್ಳಿ ಅಂತಲೂ ಅಂದ.
ನಾನು ಕುಳಿತದ್ದೇ ಕಿಸೆಯಿಂದ ಕರವಸ್ತ್ರ ತೆಗೆದು
ಮೂಗಿಗೆ ಹಿಡಿದ. ನಾನು ಏಳುವ ತನಕ ಇಳಿಸಲಿಲ್ಲ.
ಇಸ್ತ್ರಿ ಮಾಡಿದ್ದು, ಮಾಮ. ನಾಲ್ಕು ಮಡಿಕೆ.”

ಹಾಳೆ ಸಿಕ್ಕಿಸಿದೆ. ಬೆರಳು ಎತ್ತಿದೆ.
ರೂಡ್? ಅದಕ್ಕೆ ಬಾಯಿ ಬೇಕು.
ಮಿಸ್‌ಬಿಹೇವ್? ಕುಳಿತುಕೊಳ್ಳಿ ಅಂದಿದ್ದಾನಲ್ಲ.
ಇನ್ಸಲ್ಟ್ ಎಂದರೆ ವಕೀಲರು ಕೇಳುತ್ತಾರೆ: ಯಾವ ಶಬ್ದದಿಂದ?
ಡ್ರಾಯರಿನಿಂದ ಡಿಕ್ಷನರಿ ತೆಗೆದೆ,
ಉಪ್ಪುಗಾಳಿಗೆ ಅದರ ಹಾಳೆಗಳು ಮೆತ್ತಗಾದ ಹಪ್ಪಳ.
ಇನ್ಸೊಲೆಂಟ್. ಇಂಪರ್ಟಿನೆಂಟ್. ಇನ್‌ಸಬಾರ್ಡಿನೇಟ್.
ಸಾವಿರ ಸಲ ಹೊಡೆದಿದ್ದೇನೆ ಇವನ್ನು:
ಜವಾನ ಸಾಹೇಬರಿಗೆ ಎದುರಾಡಿದ್ದು,
ಕೂಲಿಯವಳು ಕಂತ್ರಾಟದಾರನಿಗೆ ಅಂದದ್ದು,
ಹಮಾಲನೊಬ್ಬ ಬಂದರು ಅಧಿಕಾರಿಯ ಮುಂದೆ
ಬೀಡಿ ಆರಿಸದೇ ನಿಂತದ್ದು.
ಅವತ್ತೇ ನೋಡಿದ್ದು ನಾನು, ಈ ಶಬ್ದಗಳಿಗೆಲ್ಲ ಒಂದೇ ದಿಕ್ಕು.
ಭರತದ ನೀರು ಕಾಳಿಯೊಳಗೆ ಹತ್ತಿದ ಹಾಗೆ
ಕೆಳಗಿನಿಂದ ಮೇಲಕ್ಕೇ ಹೋಗುತ್ತವೆ.
ಮೇಲಿನಿಂದ ಇಳಿದು ಬಂದದ್ದಕ್ಕೆ
ಸಿಗುವುದು ಸ್ಟ್ರಿಕ್ಟ್. ಹೆಚ್ಚೆಂದರೆ ಅರೋಗಂಟ್,
ಅದು ಸ್ವಭಾವ. ಸ್ವಭಾವಕ್ಕೆ ಸಮನ್ಸ್ ಹೋಗುವುದಿಲ್ಲ.

“ಇಂಗ್ಲಿಷಿನಲ್ಲಿ ಇದಕ್ಕೆ ಶಬ್ದ ಇಲ್ಲ ರುಕ್ಮಾ.”
“ಇಲ್ಲದೇ ಏನು? ನೀನು ಎಷ್ಟು ಇಯತ್ತೆ ಕಲಿತದ್ದು?”
“ಹಾಗಲ್ಲ…”
“ಇರಲಿ ಬಿಡು. ಈಗ ಮೇಜಿನ ಮೇಲೆ ಊದಿನಕಡ್ಡಿ ಹಚ್ಚಿದೆಯಲ್ಲ,
ನಾನು ಬುಟ್ಟಿ ಇಳಿಸಿದ ಮೇಲೆ,
ಅದು ಯಾವ ದೇವರಿಗೆ?”

ಬಾದಾಮಿಯ ಕೆಂಪೆಲೆಯೊಂದು ರೋಲರಿನ ಮೇಲೆ ಬಿತ್ತು.
ದಿನಾ ಹಚ್ಚುತ್ತೇನೆ ಎನ್ನಬಹುದಿತ್ತು.
ಹೌದು, ಬೆಳಿಗ್ಗೆ ಹಚ್ಚುತ್ತೇನೆ. ಇದು ಎರಡನೆಯದು.
ಸೊಳ್ಳೆ ಎನ್ನಬಹುದಿತ್ತು.
ನಮ್ಮ ಮನೆಯಲ್ಲೂ ಮೀನು ಬೇಯುತ್ತದೆ,
ನನ್ನ ಹೆಂಡತಿ ಚೌಕಾಸಿ ಮಾಡುವುದು ಇವಳ ಹತ್ತಿರವೇ.
ಕಡ್ಡಿಯನ್ನು ಮೇಜಿನ ಕಾಲಿಗೆ ಒತ್ತಿದೆ.
ಹೊಗೆ ಕೂಡಲೇ ನಿಲ್ಲಲಿಲ್ಲ.

ಆಮೇಲೆ ಹೊಡೆದೆ: ತಾರೀಖು, ಹೆಸರು, ಖಾತೆ ನಂಬರು,
ಕೆಳಗೆ ಒಂದೇ ಒಂದು ಸಾಲು,
ನಾನು ಎದುರು ಕುಳಿತಾಗ ಅವನು ಮೂಗು ಮುಚ್ಚಿದ.
ಅವನು ಎನ್ನಬೇಕೋ ಅವರು ಎನ್ನಬೇಕೋ ಎಂಬ ತಕರಾರಿಲ್ಲ,
ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಹೀ.
ಅಷ್ಟರ ಮಟ್ಟಿಗೆ ಒಳ್ಳೆಯ ಭಾಷೆ.

ರುಕ್ಮಾ ಸಹಿ ಹಾಕಿದಳು, ಬಲೆಯ ಕಣ್ಣು ಕಟ್ಟುವಷ್ಟು ನಿಧಾನ.
ದುಡ್ಡು ಬೇಡ ಎಂದೆ.
“ಯಾಕೆ?” ಎಂದಳು. ಉತ್ತರಕ್ಕೆ ಕಾಯಲಿಲ್ಲ.
ಮೂವತ್ತೈದು ರೂಪಾಯಿ ಎಣಿಸಿ
ಮೇಜಿನ ಮೇಲಲ್ಲ, ನನ್ನ ಅಂಗೈಯಲ್ಲೇ ಇಟ್ಟಳು.

ಸಂಜೆ ಕೋಡಿಬಾಗದ ಬಸ್ಸಿನಲ್ಲಿ, ಯಾರೂ ನೋಡದಾಗ,
ಕೈ ಮೂಸಿ ನೋಡಿಕೊಂಡೆ.
ಕಾರ್ಬನ್ನಿನ ವಾಸನೆಯೇ ಹೆಚ್ಚಿತ್ತು.