ಐದನೇ ಕ್ಲಾಸಿಗೆ ಬಂದ ಪಿಟೀಲು

ಪಾಂಡವಪುರದ ಫ್ಯಾಕ್ಟರಿಗೆ ಹೊರಟ ಕಬ್ಬಿನ ಲಾರಿ
ದಾಟಿಹೋಗಲೆಂದು ಕಾದು
ಸ್ವೀಡನ್ನಿನ ಬ್ರಿಟ್ಟಾ ಮೇಡಂ ಕಂಬಳಿ ಬಿಚ್ಚಿದರು.
"ಪಿಟೀಲು!"
"ಅಲ್ಲ ಕಣ್ಲಾ, ಹಾರ್ಮೋನಿಯಂ ಮರಿ."
ನಿಸರ್ಗ ಆಗಲೇ ಮರದ ಕೀಲಿ ಎಣಿಸಿದ್ದಳು: ಮೂವತ್ತೇಳು.
ಹೆಸರು ನಿಕ್ಕೆಲ್‌ಹಾರ್ಪ.
ಊಟದ ಬೆಲ್ಲಿಗೆ ಮುಂಚೆಯೇ
ಅದು ನಮ್ಮ ಬಾಯಲ್ಲಿ ನಿಕ್ಕಲಪ್ಪ.

ಬಿಲ್ಲು ಆಡುವುದು ನಾಲ್ಕೇ ತಂತಿಯ ಮೇಲೆ,
ಕೆಳಗಿನ ಹನ್ನೆರಡನ್ನು ಯಾರೂ ಮುಟ್ಟುವುದಿಲ್ಲ,
ಮೇಲಿನವು ನುಡಿದರೆ ತಾವೂ ಗುಂಯ್ ಅನ್ನುತ್ತವೆ,
ಹೀಗೆ ನಾನು ಬಿಡಿಸಿ ಹೇಳುವಷ್ಟರಲ್ಲಿ
ಕೆಂಪರಾಜ ಎದ್ದು ನಿಂತ:
"ಪ್ರೇಯರ್‌ನಲ್ಲಿ ಹಿಂದ್ಲ ಸಾಲು ಇದ್ದಂಗೆ, ಸಾ."
ಅವನದೂ ಹಿಂದಿನ ಸಾಲೇ.

ಆಮೇಲೆ ಮೇಡಂ ವಾದ್ಯ ಕೆಳಗಿಟ್ಟು
ಅವರೂರ ಕಾಡಂಚಿನಲ್ಲಿ ಹೆಂಗಸರು
ಸಂಜೆ ದನ ಕರೆಯುವ ರೀತಿ ತೋರಿಸಿದರು.
ಎಂಥ ಎತ್ತರದ ದನಿ!
ಹೆಂಚಿನ ಮೇಲಿನ ಪಾರಿವಾಳ ಒಟ್ಟಿಗೇ ಎದ್ದವು.
ನಾಲೆಯಲ್ಲಿ ಮುಳುಗಿದ್ದ ಜವರಮ್ಮನ ಎಮ್ಮೆ
ಕಿವಿ ನಿಗುರಿಸಿ, ಮೈಯಿಂದ ನೀರು ಸುರಿಸುತ್ತ
ಸ್ಕೂಲಿನ ಗೇಟಿಗೇ ಬಂದು ನಿಂತಿತು.

"ಅವರೂರ ದನ ನಮ್ ಹೋಯ್‌ಗೆ ಬಂದಾವಾ?"
ಕೇಳಿದಳು ನಿಸರ್ಗ.
ನಾನಿನ್ನೂ ತರ್ಜುಮೆಗೆ ತಡಕಾಡುತ್ತಿದ್ದೆ.
ಮಕ್ಕಳು ಆಗಲೇ ಕಿಟಕಿಗೆ ಮುಗಿಬಿದ್ದು
ಉತ್ತರ ಯಾವ ಕಡೆ ಅಂತ ಕೇಳಿಕೊಂಡು
ಆ ಕಡೆಗೆ ಕೂಗುತ್ತಿದ್ದರು.